ನಾಯಿಮರಿಗೆ ಕ್ರೇಟ್ ತರಬಹುದು, ಮೂತಿ ಮಾತ್ರ ಒರೆಸಬೇಡಿ

ಮೂರು ತಿಂಗಳ ಲ್ಯಾಬ್ರಡಾರ್ ನಾಯಿಮರಿ ಫ್ಲ್ಯಾಟ್ ತುಂಬಾ ಉಚ್ಚೆ ಹೊಯ್ಯುತ್ತದೆ, ಕ್ರೇಟ್ (ನಾಯಿ ಮಲಗಲು ಇಡುವ, ಬಾಗಿಲಿರುವ ಗೂಡು) ಅಂದರೆ ಜೈಲು ಅಲ್ವಾ, ಮಾವ ಹೇಳಿದ ಹಾಗೆ ಮೂತಿಯನ್ನು ಗಲೀಜಿಗೆ ಒರೆಸಿ ಕಟ್ಟಿಹಾಕಿದರೆ ಸಾಲದಾ ಎಂದು ಕೇಳಿದ್ದೀರಿ. ದಯವಿಟ್ಟು ಮೂತಿ ಒರೆಸಬೇಡಿ. ಹತ್ತು ನಿಮಿಷದ ಹಿಂದೆ ಮಾಡಿದ್ದಕ್ಕೆ ಈಗ ಬೈದರೆ ಮರಿಗೆ ಅರ್ಥವಾಗುವುದಿಲ್ಲ. ನಮ್ಮ ಮೊದಲ ನಾಯಿಗೆ ಹೀಗೇ ಮಾಡಿದ್ದೆವು. ನಮ್ಮ ಕಣ್ಣೆದುರು ಹೊಯ್ಯಬಾರದು ಅಂತಷ್ಟೇ ಅದು ಕಲಿಯಿತು. ಸೋಫಾ ಹಿಂದೆ ಹೋಗಿ, ಕಿವಿ ಹಿಂದಕ್ಕೆ ಮಡಚಿ, ನಮ್ಮನ್ನೇ ನೋಡುತ್ತಾ ಹೊಯ್ಯುತ್ತಿತ್ತು. ನೆನೆದರೆ ಈಗಲೂ ಸಂಕಟವಾಗುತ್ತದೆ.

ಮಾವನವರ ಕಾಲದಲ್ಲಿ ನಾಯಿ ಜಗಲಿಯಲ್ಲಿ ಮಲಗಿ, ಬೇಕಾದಾಗ ಹಿತ್ತಲಿಗೆ ಹೋಗಿ ಬರುತ್ತಿತ್ತು. ನಿಮ್ಮ ಆರನೇ ಮಹಡಿಯಲ್ಲಿ ಹಿತ್ತಲಿಲ್ಲ.

ನಾಯಿ ಸಾಮಾನ್ಯವಾಗಿ ತಾನು ಮಲಗುವ ಜಾಗ ಗಲೀಜು ಮಾಡುವುದಿಲ್ಲ, ಕ್ರೇಟ್ ಕೆಲಸ ಮಾಡುವುದು ಅದರಿಂದಲೇ. ಎದ್ದು ನಿಂತು, ಸುತ್ತು ತಿರುಗಿ, ಕಾಲು ಚಾಚಿ ಮಲಗುವಷ್ಟು ಜಾಗ ಸಾಕು, ಜಾಸ್ತಿ ದೊಡ್ಡದಾದರೆ ಒಂದು ಮೂಲೆ ಕಕ್ಕಸಾಗುತ್ತದೆ. ಮೊದಲ ಕೆಲವು ದಿನ ಬಾಗಿಲು ಹಾಕಲೇಬೇಡಿ. ಹಳೇ ಬೆಡ್‌ಶೀಟ್ ಹಾಸಿ, ಊಟ ಒಳಗೇ ಇಡಿ. ಈ ವಯಸ್ಸಿನ ಮರಿ ಹಗಲಲ್ಲಿ ತಡೆದುಕೊಳ್ಳುವುದು ಹೆಚ್ಚೆಂದರೆ 3-4 ಗಂಟೆ, ಹಾಗಾಗಿ ಇಡೀ ದಿನ ಕೂಡಿಹಾಕಿ ಆಫೀಸಿಗೆ ಹೋಗುವುದಾದರೆ ಕ್ರೇಟ್ ತರಲೇಬೇಡಿ, ಅದಕ್ಕೂ ಚೈನಿಗೂ ವ್ಯತ್ಯಾಸವಿಲ್ಲ.

ನಿದ್ದೆಯಿಂದ ಎದ್ದ ಕೂಡಲೇ, ಊಟವಾದ ಮೇಲೆ, ಆಟ ಮುಗಿದ ಮೇಲೆ ಎತ್ತಿಕೊಂಡೇ ಕೆಳಗೆ ಹೋಗಿ. ಲಸಿಕೆ ಪೂರ್ತಿ ಆಗಿಲ್ಲದಿದ್ದರೆ ಬೇರೆ ನಾಯಿಗಳು ಓಡಾಡದ ಜಾಗ ನೋಡಿ. ಹೊಯ್ದ ತಕ್ಷಣ, ಅಲ್ಲೇ, ಒಂದು ಚೂರು ಬೇಯಿಸಿದ ಕೋಳಿ ಕೊಡಿ.