ಸಂಪಾದಕರ ಉತ್ತರ: ಯಹೂದಿ ಧರ್ಮಶಾಸ್ತ್ರದಲ್ಲಿ ಕಿವುಡರ ಸ್ಥಾನ

ಓದುಗರೊಬ್ಬರ ಪತ್ರ: “ಯಹೂದಿ ಧರ್ಮಶಾಸ್ತ್ರ ಕಿವುಡರನ್ನು ಬುದ್ಧಿ ಸ್ವಾಧೀನದಲ್ಲಿ ಇಲ್ಲದವರ, ಮಕ್ಕಳ ಸಾಲಿಗೆ ಸೇರಿಸುತ್ತದೆ ಎಂದು ಓದಿದೆ. ನಿಜವೇ? ಇಂದಿಗೂ ಹಾಗೆಯೇ ಇದೆಯೇ? ಪ್ರಾರ್ಥನೆ, ಮದುವೆ, ಸಾಕ್ಷ್ಯ ಇವುಗಳಲ್ಲಿ ಅವರ ಪಾಲೇನು?”

ಉತ್ತರ: ನೀವು ಓದಿದ್ದು ನಿಜ, ಆದರೆ ಅದು ಪೂರ್ತಿಯಲ್ಲ. ಕ್ರಿ.ಶ. 200ರ ಸುಮಾರಿಗೆ ಸಂಕಲನಗೊಂಡ ಯಹೂದಿ ಕಟ್ಟಳೆಗಳ ಗ್ರಂಥ ಮಿಶ್ನಾದಲ್ಲಿ ‘ಹೆರೆಶ್, ಶೋತೆ, ಕಟಾನ್’ (ಕಿವುಡ, ಬುದ್ಧಿ ತಪ್ಪಿದವ, ಅಪ್ರಾಪ್ತ) ಎಂಬ ಮೂವರು ಮತ್ತೆ ಮತ್ತೆ ಜೊತೆಯಾಗಿಯೇ ಬರುತ್ತಾರೆ. ಇವರ ಮೇಲೆ ವಿಧಿಗಳ ಹೊಣೆಯಿಲ್ಲ. ಇವರಿಗೆ ಗಾಯ ಮಾಡಿದವನು ದಂಡ ತೆರಬೇಕು, ಇವರೇ ಗಾಯ ಮಾಡಿದರೆ ದಂಡವಿಲ್ಲ. ಆದರೆ ಅದೇ ಮಿಶ್ನಾ ತೆರುಮೋತ್ ಭಾಗದಲ್ಲಿ (1:2) ಸ್ಪಷ್ಟವಾಗಿ ಹೇಳುತ್ತದೆ: ಪಂಡಿತರು ಹೇಳುವ ಹೆರೆಶ್ ಎಂದರೆ ಕೇಳಲೂ ಆಗದ, ಮಾತಾಡಲೂ ಆಗದ ವ್ಯಕ್ತಿ. ಮಾತಾಡಬಲ್ಲ ಕಿವುಡನಾಗಲಿ, ಕೇಳಬಲ್ಲ ಮೂಗನಾಗಲಿ ಬುದ್ಧಿಯಲ್ಲಿ ಎಲ್ಲರಂತೆಯೇ ಎನ್ನುತ್ತದೆ ತಾಲ್ಮುದ್ (ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥ). ವಯಸ್ಸಾಗಿ ಕಿವಿ ಮಂದವಾದವರು ಈ ಸಾಲಿನಲ್ಲಿ ಎಂದೂ ಇರಲಿಲ್ಲ.

ಗೊಂದಲವಾಗುವುದು ಎರಡು ಪ್ರಶ್ನೆಗಳನ್ನು ಬೆರೆಸಿದಾಗ. ಈ ವ್ಯಕ್ತಿಗೆ ಕಾನೂನಿನ ದೃಷ್ಟಿಯಲ್ಲಿ ತಿಳಿವಳಿಕೆ ಇದೆಯೇ ಎಂಬುದು ಒಂದು. ಮಾಡಬೇಕಾದ ಕೆಲಸಕ್ಕೇ ಕಿವಿಯೋ ಬಾಯಿಯೋ ಬೇಕೇ ಎಂಬುದು ಇನ್ನೊಂದು.

ಮೊದಲನೆಯದಕ್ಕೆ ಮದುವೆಯೇ ಒಳ್ಳೆಯ ಉದಾಹರಣೆ. ಹೆರೆಶ್ ಸನ್ನೆಯಿಂದ ಮದುವೆಯಾಗಬಹುದು, ಸನ್ನೆಯಿಂದಲೇ ವಿಚ್ಛೇದನ ಕೊಡಬಹುದು. ಆದರೆ ಆ ಮದುವೆಗಿರುವುದು ಪಂಡಿತರ ಕಟ್ಟಳೆಯ ಬಲವೇ ಹೊರತು ತೋರಾದ (ಯಹೂದಿಗಳ ಮೂಲ ಧರ್ಮಗ್ರಂಥ) ಬಲವಲ್ಲ. ಕೇಳುತ್ತ ಮಾತಾಡುತ್ತ ಮದುವೆಯಾದವನು ಆಮೇಲೆ ಹೆರೆಶ್ ಆದರೆ ತೊಡಕು ಶುರು. ತೋರಾದ ಬಲದ ಬಂಧವನ್ನು ಸನ್ನೆಯ ವಿಚ್ಛೇದನ ಬಿಡಿಸಲಾರದು, ಆದ್ದರಿಂದ ಅವನು ಎಂದಿಗೂ ವಿಚ್ಛೇದನ ಕೊಡುವಂತಿಲ್ಲ ಎನ್ನುತ್ತದೆ ಮಿಶ್ನಾ. ಈ ವರ್ಗೀಕರಣದ ಅತಿ ದೊಡ್ಡ ನೋವು ಇದೇ, ಹೆಂಡತಿಗೂ ಬಿಡುಗಡೆಯಿಲ್ಲ. ಹೋದದ್ದು ಮಾತು ಮಾತ್ರವಾದರೆ ದಾರಿಯುಂಟು. “ಗೆಟ್ (ವಿಚ್ಛೇದನ ಪತ್ರ) ಬರೆಯೋಣವೇ?” ಎಂದು ಕೇಳಿದಾಗ ಅವನು ತಲೆಯಾಡಿಸಿದರೆ ಮೂರು ಸಲ ಪರೀಕ್ಷಿಸುತ್ತಾರೆ. ಹೌದೆನ್ನಬೇಕಾದಲ್ಲಿ ಹೌದು, ಅಲ್ಲವೆನ್ನಬೇಕಾದಲ್ಲಿ ಅಲ್ಲ ಎಂದು ಸರಿಯಾಗಿ ಸೂಚಿಸಿದರೆ ಗೆಟ್ ಬರೆಯುತ್ತಾರೆ.

ಹಳೆಯ ಊಹೆ ಅಲುಗಾಡಿದ್ದು ಕಿವುಡರ ಶಾಲೆಗಳಿಂದ. 1844ರಲ್ಲಿ ಮೊರಾವಿಯಾದ (ಇಂದಿನ ಚೆಕ್ ಗಣರಾಜ್ಯ) ನಿಕೋಲ್ಸ್‌ಬುರ್ಗ್‌ನಲ್ಲಿ ಆರಂಭವಾಗಿ 1852ರಲ್ಲಿ ವಿಯೆನ್ನಾಕ್ಕೆ ಸ್ಥಳಾಂತರಗೊಂಡ ಯಹೂದಿ ಕಿವುಡರ ಶಾಲೆಯಂಥ ಕಡೆ ಮಕ್ಕಳು ಓದು, ಬರಹ, ಮಾತು ಕಲಿತರು. ಕಲಿತ ಮಾತೂ ಮಾತೇ ಎಂದು ಕೆಲವು ರಬ್ಬಿಗಳು (ಯಹೂದಿ ಧರ್ಮಗುರುಗಳು) ಒಪ್ಪಿದರು. ಶಾಸ್ತ್ರದ ಸ್ಥಾನ ಶಾಲೆಯಿಂದ ಬದಲಾಗದು ಎಂದವರೂ ಇದ್ದರು. ಮಾತೇ ಆಡದೆ ಸನ್ನೆಭಾಷೆಯನ್ನಷ್ಟೇ ಬಳಸುವವರ ವಿಷಯದಲ್ಲಿ ಆರ್ಥಡಾಕ್ಸ್ (ಕಟ್ಟಾ ಸಂಪ್ರದಾಯದ) ರಬ್ಬಿಗಳಲ್ಲಿ ಇಂದಿಗೂ ಒಮ್ಮತವಿಲ್ಲ. ಅಮೆರಿಕದ ಕನ್ಸರ್ವೇಟಿವ್ (ಶಾಸ್ತ್ರವನ್ನು ಉಳಿಸಿಕೊಂಡೇ ಬದಲಾವಣೆಯನ್ನೂ ಒಪ್ಪುವ) ಪಂಥದ ಧರ್ಮಶಾಸ್ತ್ರ ಸಮಿತಿ ಮಾತ್ರ 2011ರಲ್ಲಿ ರಬ್ಬಿ ಪಮೇಲಾ ಬಾರ್ಮಾಶ್ ಬರೆದ ತೀರ್ಪನ್ನು ಅಂಗೀಕರಿಸಿತು. ಅದರ ಪ್ರಕಾರ ಸನ್ನೆಭಾಷೆ ಬಳಸುವ ಕಿವುಡರಿಗೆ ಎಲ್ಲ ವಿಧಿಗಳ ಹೊಣೆಯೂ ಇದೆ. ಅವರನ್ನು ಮಿನ್ಯಾನ್‌ಗೆ, ಅಂದರೆ ಪ್ರಾರ್ಥನೆಗೆ ಬೇಕಾದ 10 ಜನರ ಲೆಕ್ಕಕ್ಕೆ, ಹಿಡಿಯಬೇಕು. ಅವರು ಸಾಕ್ಷಿಯಾಗಬಹುದು, ತೋರಾ ಓದಲು ಕರೆದಾಗ ಹೇಳುವ ಆಶೀರ್ವಚನವನ್ನು ಸನ್ನೆಯಲ್ಲೇ ಹೇಳಬಹುದು. ನಮ್ಮ ದೃಷ್ಟಿಯಲ್ಲಿ ಮಿಶ್ನಾದ ತರ್ಕಕ್ಕೆ ನಿಷ್ಠವಾದ ಓದು ಇದೇ: ಅಲ್ಲಿ ತಡೆಯಾಗಿದ್ದದ್ದು ಕಿವಿಯಲ್ಲ, ಮನಸ್ಸನ್ನು ತಲುಪಲು ದಾರಿಯಿಲ್ಲ ಎಂಬ ಊಹೆ.

ಎರಡನೆಯ ಪ್ರಶ್ನೆ ಇಷ್ಟಕ್ಕೆ ಬಗೆಹರಿಯುವುದಿಲ್ಲ. ಹೊಸ ವರ್ಷದ ದಿನ ಶೋಫಾರ್ ಕೊಂಬಿನ ದನಿಯನ್ನು *ಕೇಳುವುದೇ* ವಿಧಿ. ಹಾಗಾಗಿ ಮಾತಾಡಬಲ್ಲ ಕಿವುಡ ಎಷ್ಟೇ ವಿದ್ವಾಂಸನಾದರೂ ಇತರರ ಪರವಾಗಿ ಅದನ್ನು ಊದುವಂತಿಲ್ಲ, ಕೇಳಬಲ್ಲ ಮೂಗ ಊದಬಹುದು. ಶ್ರವಣಯಂತ್ರದಿಂದ ಕೇಳಿದರೆ? ಯಂತ್ರ ಕೊಡುವುದು ಹೊಸ ದನಿ, ಅದು ಸಲ್ಲದು ಎಂದರು 20ನೆಯ ಶತಮಾನದ ರಬ್ಬಿ ಶ್ಲೋಮೋ ಜಲ್ಮನ್ ಅವರ್‌ಬಾಖ್. ಅದೇ ಕಾಲದ ರಬ್ಬಿ ಮೋಶೆ ಫೈನ್‌ಸ್ಟೈನ್ ಸಲ್ಲಬಹುದು ಎಂಬ ಕಡೆಗೆ ವಾಲಿದರು. ಆದ್ದರಿಂದ ಅಲ್ಪಸ್ವಲ್ಪ ಕೇಳುವವರಿಗೆ ಊದುವವರ ಹತ್ತಿರ ನಿಂತು, ಯಂತ್ರ ತೆಗೆದು ಕೇಳಿ ಎನ್ನುವುದುಂಟು. ಸಬ್ಬತ್ (ವಾರದ ವಿಶ್ರಾಂತಿಯ) ದಿನ ಯಂತ್ರ ಧರಿಸಬಹುದು, ಆದರೆ ಶುಕ್ರವಾರ ಸೂರ್ಯಾಸ್ತಕ್ಕೆ ಮೊದಲೇ ಚಾಲೂ ಮಾಡಿರಬೇಕು.

ಸಾಕ್ಷ್ಯದಲ್ಲೂ ಹಳೆಯ ಶಾಸ್ತ್ರದ ಕಥೆ ಇದೇ. ಸಾಕ್ಷಿ ಬಾಯಿಯಿಂದ ನುಡಿಯಬೇಕು, ನ್ಯಾಯಾಧೀಶರ ಮಾತನ್ನು ಕಿವಿಯಿಂದ ಕೇಳಬೇಕು. ಬುದ್ಧಿ ನೆಟ್ಟಗಿದ್ದರೂ ಇವೆರಡರಲ್ಲಿ ಒಂದಿಲ್ಲದಿದ್ದರೆ ಸಲ್ಲದು ಎಂದು 12ನೆಯ ಶತಮಾನದ ಧರ್ಮಶಾಸ್ತ್ರಜ್ಞ ಮೈಮೋನಿಡಿಸ್ ಬರೆದಿದ್ದಾರೆ.

ನಿಮ್ಮ ಪರಿಚಯದವರಿಗೆ ಇಂಥ ಪ್ರಸಂಗ ಬಂದರೆ, ರಬ್ಬಿಗೆ ಬರೆಯುವಾಗ “ಕಿವುಡರು” ಎಂದಷ್ಟೇ ಬರೆದು ಬಿಡಬೇಡಿ. ಹುಟ್ಟಿನಿಂದಲೋ ಆಮೇಲೋ, ಸ್ವಲ್ಪವಾದರೂ ಮಾತಾಡುತ್ತಾರೆಯೇ, ಓದಿ ಬರೆಯುತ್ತಾರೆಯೇ, ಯಾವ ಸನ್ನೆಭಾಷೆ, ಯಾವ ಯಂತ್ರ, ಅದಿಲ್ಲದೆ ಎಷ್ಟು ಕೇಳುತ್ತದೆ, ಮದುವೆಯ ವಿಷಯವಾದರೆ ಆ ದಿನ ಅವರ ಸ್ಥಿತಿ ಹೇಗಿತ್ತು ಎಂಬುದನ್ನೆಲ್ಲ ತಿಳಿಸಿ. ಇವುಗಳಲ್ಲಿ ಒಂದು ಬದಲಾದರೂ ತೀರ್ಪು ಬದಲಾಗಬಹುದು.

— ಸಂಪಾದಕರು