ಷೋರೂಮಿನಿಂದ ತೋಟಕ್ಕೆ: ಹೊಸ ಜೀಪಿನ ಮೊದಲ ಸಾವಿರ ಕಿಲೋಮೀಟರ್

ಮಳೆ ಹಿಡಿಯಿತೆಂದರೆ ನನಗೆ ಬರುವ ಪ್ರಶ್ನೆಗಳೆಲ್ಲ ಜೀಪಿನವೇ. ಈ ಸಲ ಬರೆದವರಲ್ಲಿ ಹೆಚ್ಚಿನವರು ಹೊಸದಾಗಿ ಫೋರ್ ಬೈ ಫೋರ್ ಕೊಂಡವರು, ಆದರೆ ಡ್ರೈವಿಂಗಿಗೆ ಹೊಸಬರಲ್ಲ. ಹಳೇ ಜೀಪಿನಲ್ಲಿ ಕೈ ಪಳಗಿದವರು. ತೊಡಕು ಬಂದಿರುವುದೂ ಅಲ್ಲೇ.

ಪ್ರಶ್ನೆ: ಏಪ್ರಿಲ್‌ನಲ್ಲಿ ಹೊಸ ಡೀಸೆಲ್ ಫೋರ್ ಬೈ ಫೋರ್ ತಗೊಂಡೆ. ಇದುವರೆಗೆ 640 ಕಿ.ಮೀ. ಓಡಿದೆ. ಬಹುಪಾಲು ತೋಟದ ಒಳಗೇ, ಫಸ್ಟು ಸೆಕೆಂಡು ಗೇರಿನಲ್ಲಿ. ರನ್ನಿಂಗ್-ಇನ್ (ಹೊಸ ಎಂಜಿನ್ ಹದಕ್ಕೆ ಬರುವ ಅವಧಿ) ಮುಗಿಯುವ ತನಕ ನಿಧಾನ ಓಡಿಸಬೇಕು ಅಂತ ನಮ್ಮಪ್ಪ ಹೇಳಿಕೊಟ್ಟಿದ್ದು, ಹಾಗಾಗಿ ವೇಗ 30 ದಾಟಿಸಿದ್ದೇ ಅಪರೂಪ. ಈಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಹತ್ತಿ ಕೂತಿದೆ. ಸರ್ವಿಸ್‌ನವರು 'ಹೈವೇ ಮೇಲೆ ಒಂದು ರೌಂಡ್ ಹೋಗಿ ಬನ್ನಿ ಸಾರ್' ಅಂತಾರೆ. ಹೊಸ ಎಂಜಿನ್ ಹಾಳಾಗಲ್ವಾ? — ಆಲ್ದೂರು ಕಡೆಯ ಬೆಳೆಗಾರರು

ಹಾಳಾಗಲ್ಲ. ಹೋಗದಿದ್ದರೇ ಹಾಳಾಗೋದು.

ನಿಮ್ಮ ತಂದೆಯವರು ಹೇಳಿದ್ದು ಅವರ ಕಾಲದ ಗಾಡಿಗೆ ಸರಿಯಾಗಿಯೇ ಇತ್ತು. ಈಗಿನದಕ್ಕೆ ಅದರ ಅರ್ಧ ಮಾತ್ರ ಅನ್ವಯ. ಸಿಲಿಂಡರಿನ ಒಳಗೋಡೆಯಲ್ಲಿ ಕಾರ್ಖಾನೆಯವರು ಬೇಕೆಂದೇ ಸಣ್ಣ ಸಣ್ಣ ಅಡ್ಡಗೀರು ಬಿಟ್ಟಿರುತ್ತಾರೆ. ಸವೆದ ಒರಳಿಗೆ ಉಳಿಯಲ್ಲಿ ಹೊಸದಾಗಿ ಗೀರು ಹೊಡೆಸುತ್ತೇವಲ್ಲ, ನೋಡಲಿಕ್ಕೆ ಹಾಗೇ, ಆದರೆ ಕೂದಲೆಳೆಯಷ್ಟು ಸೂಕ್ಷ್ಮ. ಪಿಸ್ಟನ್ ರಿಂಗು ಆ ಗೀರುಗಳ ಮೊನೆಯನ್ನು ತುಸು ಸವೆಸಿಕೊಂಡು ಗೋಡೆಗೆ ಹೊಂದಿ ಕೂರಬೇಕು. ರಿಂಗನ್ನು ಗೋಡೆಗೆ ಒತ್ತುವುದು ಬಹುಪಾಲು ಮೇಲೆ ಉರಿಯುವ ಅನಿಲದ ಒತ್ತಡ. ಎಂಜಿನ್ನಿಗೆ ಭಾರವೇ ಬೀಳದಿದ್ದರೆ ಆ ಒತ್ತಡ ಸಾಲುವುದಿಲ್ಲ. ರಿಂಗು ಸರಿಯಾಗಿ ಕೂರುವ ಮೊದಲೇ ಗೋಡೆ ಗಾಜಿನ ಹಾಗೆ ನುಣುಪಾಗಿಬಿಡುತ್ತದೆ. ಆಮೇಲೆ ಅದು ಆಯಿಲ್ ಕುಡಿಯುವ ಗಾಡಿ.

ಹಾಗಾಗಿ ರನ್ನಿಂಗ್-ಇನ್ ಅಂದರೆ ನಿಧಾನ ಅಂತಲ್ಲ, ಒಂದೇ ಹದದಲ್ಲಿ ಓಡಿಸಬಾರದು ಅಂತ. ಮೊದಲ 1,000 ಕಿ.ಮೀ. ತನಕ (ನಿಮ್ಮ ಗಾಡಿಯ ಪುಸ್ತಕದಲ್ಲಿ 1,500 ಎಂದಿದ್ದರೆ ಅಲ್ಲಿಯ ತನಕ) ಡೀಸೆಲ್ ಎಂಜಿನ್ನನ್ನು 1,500ರಿಂದ 2,500 ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಹಾಕುವ ಸುತ್ತು) ನಡುವೆ ಏರಿಸುತ್ತ ಇಳಿಸುತ್ತ ಓಡಿಸಿ. ಆಕ್ಸಿಲರೇಟರನ್ನು ತಳಮುಟ್ಟ ತುಳಿಯಬೇಡಿ. ಟ್ರೇಲರ್ ಎಳೆಸಬೇಡಿ. ಇಷ್ಟೇ ಮುಖ್ಯವಾದ ಇನ್ನೊಂದನ್ನು ಯಾರೂ ಹೇಳುವುದಿಲ್ಲ: ಏರಿನಲ್ಲಿ ಮೇಲಿನ ಗೇರಿನಲ್ಲೇ ಗೊಣಗಿಸಬೇಡಿ. ಚಾರ್ಮಾಡಿ ಹತ್ತುವಾಗ ನಾಲ್ಕನೇ ಗೇರಿನಲ್ಲಿ ಗಾಡಿ 'ಗುಡುಗುಡು' ಎಂದು ನಡುಗುತ್ತಿದ್ದರೂ ಡೀಸೆಲ್ ಉಳಿಯಿತು ಅಂತ ಹಾಗೇ ಎಳೆಸುವವರಿದ್ದಾರೆ. ಬೇರಿಂಗಿಗೆ ಅದರಷ್ಟು ಪೆಟ್ಟು ಹೆಚ್ಚು ಆರ್‌ಪಿಎಂನಿಂದಲೂ ಬೀಳುವುದಿಲ್ಲ.

ಈಗ ಆ ಹಳದಿ ದೀಪ. ನಿಮ್ಮ ವಿವರಣೆ ನೋಡಿದರೆ ಅದು ಡಿಪಿಎಫ್ ದೀಪ. ಬಿಎಸ್ 6 ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿದಿಡುವ ಒಂದು ಜಾಲರಿ ಇರುತ್ತದೆ. ಮಸಿ ತುಂಬಿದಾಗ ಗಾಡಿ ತಾನೇ ಹೆಚ್ಚು ಡೀಸೆಲ್ ಬಿಟ್ಟು, ಜಾಲರಿಯನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಸಿ ಸುಡುತ್ತದೆ. ಅಷ್ಟು ಕಾವು ಏರಬೇಕಾದರೆ ಗಾಡಿ ನಿಲ್ಲದೆ ಓಡುತ್ತಿರಬೇಕು. ಬಂಗಲೆಯಿಂದ ಕಣಕ್ಕೆ, ಕಣದಿಂದ ಲೈನ್ ಮನೆಗೆ, ಅಲ್ಲಿಂದ ಪಂಪ್‌ಹೌಸಿಗೆ ಓಡಾಡುವ ಗಾಡಿಗೆ ಆ ಯೋಗ ಬರುವುದೇ ಇಲ್ಲ. ಸುಡಲು ಶುರು ಮಾಡುತ್ತದೆ, ನೀವು ಕೀ ತಿರುಗಿಸಿ ಇಳಿದುಹೋಗುತ್ತೀರಿ. ಹೀಗೆ ಹತ್ತು ಸಲ ಆದರೆ ಸುಡದೆ ಉಳಿದ ಡೀಸೆಲ್ ಎಂಜಿನ್ ಆಯಿಲಿಗೂ ಇಳಿಯುತ್ತದೆ. ಇವತ್ತೇ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಮೇಲಿನ ಗುರುತು ದಾಟಿ ಡೀಸೆಲ್ ವಾಸನೆ ಹೊಡೆದರೆ ಗಾಡಿ ಓಡಿಸದೆ ಸರ್ವಿಸ್‌ನವರಿಗೆ ಹೇಳಿ, ಆಯಿಲ್ ಬದಲಿಸಬೇಕು. ಆಯಿಲ್ ಕಮ್ಮಿಯಾಗುವುದಕ್ಕೆ ಹೆದರಿ ಬೆಳೆದವರು ನಾವು. ಹೆಚ್ಚಾಗುವುದಕ್ಕೂ ಹೆದರಬೇಕಾದ ಕಾಲ ಇದು.

ಆಯಿಲ್ ಸರಿಯಿದ್ದರೆ ಚಿಕ್ಕಮಗಳೂರು ದಾಟಿ ಕಡೂರಿನ ದಾರಿ ಹಿಡಿಯಿರಿ. ಸುಮಾರು 40 ಕಿ.ಮೀ., ಬಯಲುಸೀಮೆಯ ಕಡೆ ಹೋದ ಹಾಗೆಲ್ಲ ರಸ್ತೆ ನೇರ. 60-70ರ ವೇಗ, ಸುಮಾರು 2,000 ಆರ್‌ಪಿಎಂ, ಅದರ ಆಚೀಚೆ ತುಸು ಏರಿಸುತ್ತ ಇಳಿಸುತ್ತ ಇಪ್ಪತ್ತು ನಿಮಿಷ ನಿಲ್ಲಿಸದೆ. ದೀಪ ಆರುತ್ತದೆ. ಕಡೂರಿನಲ್ಲಿ ಕಾಫಿ ಕುಡಿದು ಎಂಜಿನ್ ತಣಿಸಿ ವಾಪಸ್ ಬನ್ನಿ. ಗೇರ್‌ಬಾಕ್ಸು, ಡಿಫರೆನ್ಷಿಯಲ್‌ಗಳ (ಗಾಲಿಗಳಿಗೆ ಬಲ ಹಂಚುವ, ಆಕ್ಸಲ್ ನಡುವಿನ ಗೇರುಗಳು) ಹಲ್ಲುಗಳೂ ಹೊಂದಿಕೊಳ್ಳಬೇಕಾದವೇ, ಕಾದು ತಣಿದು ಕಾದು ತಣಿದರೆ ಅವಕ್ಕೂ ಒಳ್ಳೆಯದು. ಹತ್ತು ಹದಿನೈದು ದಿನಕ್ಕೊಮ್ಮೆ ಇಂಥ ಒಂದು ಓಟ ಇಟ್ಟುಕೊಳ್ಳಿ. ದೀಪ ಮಿಟುಕಲು ಶುರುವಾದರೆ, ಕೆಂಪಾದರೆ, ಎಳೆತ ಕಮ್ಮಿಯಾದರೆ ಮಾತ್ರ ಹೈವೇ ಮದ್ದು ಸಾಲದು. ವರ್ಕ್‌ಶಾಪಿನಲ್ಲಿ ಕಂಪ್ಯೂಟರ್ ಹಾಕಿಯೇ ಸುಡಿಸಬೇಕು.

ಬೇಸಿಗೆಗೆ ಒಂದು ಎಚ್ಚರಿಕೆ. ಮಸಿ ಸುಡುತ್ತಿರುವ ಗಾಡಿಯನ್ನು ತರಗೆಲೆಯ ಮೇಲೆ ನಿಲ್ಲಿಸಬೇಡಿ. ನಿಂತ ಗಾಡಿಯ ಫ್ಯಾನ್ ಜೋರಾಗಿ ತಿರುಗುತ್ತಿದ್ದು, ಕಾದ ಕಬ್ಬಿಣದ ವಾಸನೆ ಬಂದರೆ ಒಳಗೆ ಸುಡುವ ಕೆಲಸ ನಡೆದಿದೆ ಎಂದು ತಿಳಿಯಿರಿ. ಫೆಬ್ರವರಿ, ಮಾರ್ಚಿನಲ್ಲಿ ಸಿಲ್ವರ್ ಓಕ್ ಎಲೆ ಮೊಣಕಾಲುದ್ದ ಬಿದ್ದಿರುತ್ತದೆ, ಬೆಂಕಿಗೆ ಬೇರೇನೂ ಬೇಡ.

ಹೊಸ ಬ್ರೇಕ್, ಟೈರ್ ಬಗ್ಗೆಯೂ ಒಂದು ಮಾತು. ಮೊದಲ 300 ಕಿ.ಮೀ. ಎರಡೂ ಪೂರ್ತಿ ಹಿಡಿತ ಕೊಡುವುದಿಲ್ಲ, ಅಂತರ ಬಿಟ್ಟು ಓಡಿಸಿ. ಮೊದಲ ಒರಟು ದಾರಿ ಓಡಿಸಿದ ಮೇಲೆ ವೀಲ್ ನಟ್ಟುಗಳನ್ನು ಒಮ್ಮೆ ಬಿಗಿ ನೋಡಿಸಿ.

ಪ್ರಶ್ನೆ: ಮಳೆಗಾಲ ಪೂರ್ತಿ ನಮ್ಮ ಯಜಮಾನರು ಹೊಸ ಗಾಡಿಯನ್ನು ಫೋರ್ ಹೈನಲ್ಲೇ (ನಾಲ್ಕೂ ಗಾಲಿಗೆ ಎಂಜಿನ್ ಬಲ ಕೊಟ್ಟು) ಓಡಿಸುತ್ತಾರೆ. 'ರಸ್ತೆ ಒದ್ದೆ ಅಲ್ವಾ, ಹಿಡಿತ ಜಾಸ್ತಿ ಇರುತ್ತೆ' ಅಂತ ವಾದ. ಪೇಟೆಯಲ್ಲಿ ನಾನು ರಿವರ್ಸ್ ತಗೊಂಡು ತಿರುಗಿಸುವಾಗ ಗಾಡಿ ಯಾರೋ ಹಿಡಿದು ಎಳೆದ ಹಾಗೆ ಆಗುತ್ತೆ, ಕಟಕಟ ಅನ್ನುತ್ತೆ. ನನ್ನ ಡ್ರೈವಿಂಗ್ ಸರಿ ಇಲ್ಲ ಅಂತಾರೆ. — ಸಕಲೇಶಪುರದ ಓದುಗರು

ನಿಮ್ಮ ಡ್ರೈವಿಂಗ್ ಸರಿಯಾಗೇ ಇದೆ ಮೇಡಂ. ಈ ಉತ್ತರವನ್ನು ಅವರಿಗೂ ಓದಿ ಹೇಳಿ.

ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವಕ್ಕಿಂತ ದೊಡ್ಡ ಸುತ್ತು ಹಾಕುತ್ತವೆ. ನಿಮ್ಮಂಥ ಗಾಡಿಯಲ್ಲಿ ಫೋರ್ ಹೈ ಹಾಕಿದರೆ ಮುಂದಿನ ಶಾಫ್ಟು, ಹಿಂದಿನ ಶಾಫ್ಟು ಎರಡನ್ನೂ ಒಂದಕ್ಕೊಂದು ಬೀಗ ಹಾಕಿದಂತೆ. ಎರಡೂ ಒಂದೇ ವೇಗದಲ್ಲಿ ತಿರುಗಲೇಬೇಕು. ಕೆಸರಿನಲ್ಲಾದರೆ ಗಾಲಿ ತುಸು ಜಾರಿ ಆ ವ್ಯತ್ಯಾಸ ಸರಿಮಾಡಿಕೊಳ್ಳುತ್ತದೆ. ಟಾರು, ಕಾಂಕ್ರೀಟು ಒದ್ದೆಯಾಗಿದ್ದರೂ ಜಾರಲು ಬಿಡುವಷ್ಟು ನುಣುಪಲ್ಲ. ಆ ತಿರುಚು ಪೂರಾ ಶಾಫ್ಟು, ಗೇರುಗಳ ಮೇಲೆ ಬೀಳುತ್ತದೆ. ನಿಮಗೆ ಕೇಳಿಸಿದ ಕಟಕಟ ಅದೇ. ಹಳೇ ಜೀಪಿನಲ್ಲಿ ಮುಂದಿನ ಹಬ್ ಬೀಗ ಹಾಕಲು ಮಳೆಯಲ್ಲಿ ಇಳಿದು ಕೈ ಕೆಸರು ಮಾಡಿಕೊಳ್ಳಬೇಕಿತ್ತು, ಆ ರಗಳೆಗೇ ಯಾರೂ ಬೇಡದ ಕಡೆ ಹಾಕುತ್ತಿರಲಿಲ್ಲ. ಈಗ ಲಿವರ್ ಕೈಯಳತೆಯಲ್ಲಿದೆ.

ಟಾರ್ ರಸ್ತೆಗೆ ಬಂದ ಕೂಡಲೇ ಟೂ ಹೈ, ಅಂದರೆ ಎರಡೇ ಗಾಲಿಗೆ ಬಲ. ಲಿವರ್ ಬಿಗಿದುಕೊಂಡು ಬಾರದಿದ್ದರೆ ಜಗ್ಗಬೇಡಿ, ನೇರವಾಗಿ ನಾಲ್ಕಾರು ಮೀಟರ್ ರಿವರ್ಸ್ ಹೋಗಿ, ತಾನೇ ಸಡಿಲುತ್ತದೆ. ಫೋರ್ ಲೋ (ನಾಲ್ಕೂ ಗಾಲಿಗೆ ಬಲ, ವೇಗ ಕಮ್ಮಿ, ಎಳೆತ ಹೆಚ್ಚು) ಹಾಕುವುದು ಗಾಡಿ ನಿಲ್ಲಿಸಿ, ಗೇರ್ ನ್ಯೂಟ್ರಲ್ ಮಾಡಿ, ಸಮ ಜಾಗದಲ್ಲಿ. ಇಳಿಜಾರಿನಲ್ಲಿ ಮಾತ್ರ ಹಾಕಬೇಡಿ. ಆ ಲಿವರ್ ಹೈನಿಂದ ಲೋಗೆ ಹೋಗುವ ನಡುವೆ ನ್ಯೂಟ್ರಲ್ ದಾಟುತ್ತದೆ. ಅಲ್ಲಿ ಸಿಕ್ಕಿಕೊಂಡರೆ ನೀವು ಯಾವ ಗೇರ್ ಹಾಕಿ ನಿಲ್ಲಿಸಿದ್ದರೂ ಗಾಲಿಗೂ ಎಂಜಿನ್ನಿಗೂ ಸಂಬಂಧವೇ ಇರುವುದಿಲ್ಲ, ಗಾಡಿ ಉರುಳುತ್ತದೆ. ಹ್ಯಾಂಡ್‌ಬ್ರೇಕಿನ ಜೊತೆ ಗಾಲಿಗೆ ಒಂದು ಕಲ್ಲು ಕೊಡುವ ಹಳೇ ಅಭ್ಯಾಸ ಬಿಡಬೇಡಿ.

ಪ್ರಶ್ನೆ: ನಮ್ಮ ತೋಟದ ರಸ್ತೆ ಕೆಮ್ಮಣ್ಣು, ಒಂದು ಕಡೆ ದರೆ, ಇನ್ನೊಂದು ಕಡೆ ಪ್ರಪಾತ. ಮೊನ್ನೆ ಇಳಿಯುವಾಗ ಬ್ರೇಕ್ ಒತ್ತಿದೆ, ಗಾಡಿ ಅಡ್ಡ ತಿರುಗಿತು. ಪುಣ್ಯಕ್ಕೆ ದರೆಗೆ ಒರಗಿ ನಿಂತಿತು. ಅಣ್ಣ, ಏನು ತಪ್ಪು ಮಾಡಿದೆ? — ಕಳಸದ ಯುವಕ

ದರೆಯ ಕಡೆಗೇ ತಿರುಗಿತಲ್ಲ ತಮ್ಮಾ, ಆ ದರೆಗೊಂದು ಕೈ ಮುಗಿ.

ಬ್ರೇಕ್ ಒತ್ತಿದಾಗ ಗಾಲಿ ನಿಂತಿತು, ಗಾಡಿ ನಿಲ್ಲಲಿಲ್ಲ. ತಿರುಗದ ಗಾಲಿಗೆ ಸ್ಟೇರಿಂಗ್ ಮಾತು ಕೇಳಿಸುವುದಿಲ್ಲ. ಇಳಿಯುವ ಮೊದಲೇ, ಮೇಲೆ ಸಮ ಜಾಗದಲ್ಲಿ, ಫೋರ್ ಲೋ ಹಾಕಿ ಫಸ್ಟ್ ಗೇರಿಗೆ ತಾ. ಕ್ಲಚ್ ಮೇಲಿನ ಕಾಲು ಪೂರಾ ತೆಗೆದು ನೆಲಕ್ಕಿಡು. ಎಂಜಿನ್ನೇ ಹಿಡಿದು ಇಳಿಸುತ್ತದೆ. ಆದರೂ ಜಾರತೊಡಗಿದರೆ ಮನಸ್ಸು ಒಪ್ಪದ ಕೆಲಸ ಮಾಡಬೇಕು: ಬ್ರೇಕ್ ಸಡಿಲಿಸಿ, ಆಕ್ಸಿಲರೇಟರನ್ನು ಒಂದು ಎಳೆಯಷ್ಟು ಮುಟ್ಟು. ಗಾಲಿ ಮತ್ತೆ ಉರುಳುತ್ತದೆ, ಸ್ಟೇರಿಂಗ್ ಮರಳುತ್ತದೆ. ಹಿಲ್ ಡಿಸೆಂಟ್ (ಇಳಿಜಾರಿನಲ್ಲಿ ತಾನೇ ಬ್ರೇಕ್ ಹಿಡಿಯುವ) ಬಟನ್ ಇದ್ದರೆ ಬಳಸು, ಗರಗರ ಎಂದು ಪೆಡಲ್ ನಡುಗಿದರೆ ಗಾಬರಿ ಬೇಡ, ಅದು ಅದರ ಕೆಲಸ. ಇಳಿಜಾರಿಗೆ ನೇರ ಇಳಿ, ನೇರ ಹತ್ತು. ಅಡ್ಡಡ್ಡ ಹೋಗುವುದು, ಅರ್ಧ ಇಳಿಜಾರಿನಲ್ಲಿ ತಿರುಗಿಸುವುದು ಬೇಡ. ಗಾಡಿ ಮಗುಚುವುದು ಹಾಗೇ. ಕಾಫಿ ಚೀಲ ಕ್ಯಾರಿಯರ್ ಮೇಲೆ ಹೇರಿದ್ದರೆ ಇನ್ನೂ ಬೇಗ.

ಹತ್ತುವಾಗ ಅರ್ಧಕ್ಕೆ ನಿಂತರೆ ಏನು ಮಾಡಬಾರದು ಎಂಬುದಕ್ಕೆ ನನ್ನದೇ ಸಾಕ್ಷಿ. ಇಪ್ಪತ್ತು ವರ್ಷದ ಹಿಂದೆ ಬಿಸ್ಲೆ ಕಡೆಯ ತೋಟವೊಂದರಲ್ಲಿ ಏರು ಹತ್ತುತ್ತಿದ್ದ ಜೀಪು ಕೆಮ್ಮುತ್ತ ನಿಂತಿತು. ನಾನು ಅಭ್ಯಾಸಬಲದಲ್ಲಿ ಕ್ಲಚ್ ಒತ್ತಿದೆ. ಮರುಗಳಿಗೆ ಹಿಂದಕ್ಕೆ ಓಟ. ಸ್ಟೇರಿಂಗ್ ತಿರುಗಿಸಿದೆ, ಅದು ಎರಡನೇ ತಪ್ಪು. ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಓಕ್ ಮರವೊಂದು ತಡೆಯಿತು. ಹಿಂದಿನ ಬೆಂಚಿನ ಮೇಲಿದ್ದ ಊಟದ ಕ್ಯಾರಿಯರ್ ಬಾಗಿಲಿಗೆ ಬಡಿದು, ಸಾರೆಲ್ಲ ಟೂಲ್‌ಬಾಕ್ಸಿನ ಪಾಲಾಯಿತು. ಮಾಡಬೇಕಾದದ್ದು ಇಷ್ಟು: ಕಾಲು ಬ್ರೇಕ್ ಗಟ್ಟಿ ಒತ್ತಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಶುರು ಮಾಡಿ ರಿವರ್ಸ್ ಗೇರ್ ಹಾಕುವುದು. ಕ್ಲಚ್ ಪೂರ್ತಿ ಬಿಟ್ಟು, ಆಮೇಲೆ ಬ್ರೇಕ್ ಮೆಲ್ಲಗೆ ಸಡಿಲಿಸಿ, ಹತ್ತಿದ ಜಾಡಿನಲ್ಲೇ ನೇರ ಹಿಂದಕ್ಕೆ ಇಳಿಯುವುದು. ಇದನ್ನು ಬಿಸಿಲಿರುವಾಗ, ಒಣ ನೆಲದ ಸಣ್ಣ ಏರಿನಲ್ಲಿ ಹತ್ತು ಸಲ ಅಭ್ಯಾಸ ಮಾಡು. ಸೀಟ್‌ಬೆಲ್ಟ್ ತೋಟದೊಳಗೂ ಬೇಕು. ಫುಟ್‌ಬೋರ್ಡಿನ ಮೇಲೆ ಆಳು ನಿಲ್ಲಿಸಿಕೊಳ್ಳಬೇಡ.

ಪ್ರಶ್ನೆ: ಗಾಡಿಯ ಪುಸ್ತಕದಲ್ಲಿ 650 ಮಿ.ಮೀ. ನೀರು ದಾಟಬಹುದು ಅಂತ ಇದೆ. ಹಾಗಾದರೆ ನಮ್ಮ ತೋಟದ ಹಳ್ಳ ಮಳೆಗಾಲದಲ್ಲೂ ದಾಟಬಹುದಲ್ಲ? — ಮೂಡಿಗೆರೆಯಿಂದ

ಆ ಲೆಕ್ಕ ನಿಂತ ನೀರಿನದು. ಹೇಮಾವತಿಗೆ ಸೇರುವ ನಿಮ್ಮ ಹಳ್ಳ ಶ್ರಾವಣದಲ್ಲಿ ನಿಂತಿರುತ್ತದೆಯೇ? ಹರಿವ ನೀರು ಎರಡು ಅಡಿ ಇದ್ದರೆ ದೊಡ್ಡ ಗಾಡಿಯನ್ನೂ ತೇಲಿಸಿಕೊಂಡು ಹೋಗಬಲ್ಲದು. ನೀರು ಕಮ್ಮಿ ಇದ್ದಾಗ ಮೊದಲು ಕೋಲು ಹಿಡಿದು ನಡೆದು ನೋಡಿ. ನಿಮಗೇ ಕಾಲೂರಿ ನಿಲ್ಲಲಾಗದಿದ್ದರೆ ಗಾಡಿಗೂ ಆಗದು. ದಾಟುವುದಾದರೆ ಫೋರ್ ಲೋ, ನಡುವೆ ಗೇರ್ ಬದಲಿಸದೆ, ನಡಿಗೆಯ ವೇಗ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಸ್ಟಾರ್ಟ್ ಮಾಡಲೇಬೇಡಿ. ಸಿಲಿಂಡರಿಗೆ ನೀರು ಹೊಕ್ಕಿದ್ದರೆ ಒಂದೇ ತಿರುವಿಗೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಮಾಮೂಲಿ ವಿಮೆಯಲ್ಲಿ ಆ ಖರ್ಚು ಸಾಮಾನ್ಯವಾಗಿ ಸಿಗುವುದಿಲ್ಲ, ಎಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಬೇಕು.

ದಾಟಿದ ಮೇಲೆ ಒಂದು ಕೆಲಸ ಇದೆ. ಓಡಿ ಕಾದ ಡಿಫರೆನ್ಷಿಯಲ್ ತಣ್ಣೀರಿಗೆ ಇಳಿದ ಕೂಡಲೇ ಒಳಗಿನ ಗಾಳಿ ಕುಗ್ಗುತ್ತದೆ, ಸೀಲಿನ ಸಂದಿಯಿಂದ ನೀರು ಎಳೆದುಕೊಳ್ಳಬಹುದು. ಆಳದ ನೀರಿಗೆ ಇಳಿಸಿದ್ದರೆ ಡಿಫರೆನ್ಷಿಯಲ್ ಆಯಿಲ್ ತೆಗೆಸಿ ನೋಡಿ. ಹಾಲು ಜಾಸ್ತಿಯಾದ ಕಾಫಿಯ ಬಣ್ಣ ಬಂದಿದ್ದರೆ ನೀರು ಸೇರಿದೆ, ಆಗಲೇ ಬದಲಿಸಿ.

ಪ್ರಶ್ನೆ: ಹೋಂಸ್ಟೇಗೆ ಎಟಿವಿ (ನಾಲ್ಕು ಗಾಲಿಯ, ಬೈಕಿನಂತೆ ಕೂತು ಓಡಿಸುವ ಗಾಡಿ) ತಂದಿದ್ದೇವೆ. ಮಗನಿಗೆ 13 ವರ್ಷ, ಅತಿಥಿಗಳನ್ನು ಹಿಂದೆ ಕೂರಿಸಿಕೊಂಡು ತೋಟ ಸುತ್ತಿಸುತ್ತಾನೆ. ಹೆಲ್ಮೆಟ್ ಸಾಕಲ್ಲ? — ಚಿಕ್ಕಮಗಳೂರು

ಸಾಲದು. ದೊಡ್ಡವರ ಎಟಿವಿಯನ್ನು 16 ವರ್ಷದೊಳಗಿನವರಿಗೆ ಕೊಡಬಾರದು ಎಂದು ತಯಾರಕರೇ ಗಾಡಿಯ ಮೇಲೆ ಅಂಟಿಸಿರುತ್ತಾರೆ. ಸೀಟು ಉದ್ದ ಇರುವುದು ಸವಾರ ಹಿಂದೆ ಮುಂದೆ ಸರಿದು ತೂಕ ಬದಲಿಸಲಿಕ್ಕೆ, ಇನ್ನೊಬ್ಬರು ಕೂರಲಿಕ್ಕಲ್ಲ. ಏರಿನಲ್ಲಿ ಹಿಂದೆ ಕೂತವರ ಭಾರಕ್ಕೇ ಅದು ಹಿಮ್ಮುಖ ಮಗುಚುತ್ತದೆ, ಮುನ್ನೂರು ಕಿಲೋ ಹುಡುಗನ ಎದೆಯ ಮೇಲೆ. ಹುಡುಗ ಅದನ್ನು ಗೇಟಿನಾಚೆ ರಸ್ತೆಗೆ ತಂದರಂತೂ 2019ರ ತಿದ್ದುಪಡಿಯ ಪ್ರಕಾರ ಮೋಟಾರು ವಾಹನ ಕಾಯ್ದೆಯಲ್ಲಿ ಪೋಷಕರಿಗೇ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಕೀಯನ್ನು ಗೋಡೆಯ ಮೊಳೆಗೆ ನೇತುಹಾಕುವ ಬದಲು ನಿಮ್ಮ ಜೇಬಿನಲ್ಲಿ ಇಟ್ಟುಕೊಳ್ಳಿ.