ಸುಕ್ಕೋತ್ ಹಬ್ಬದಲ್ಲಿ ಯಹೂದಿಗಳು ಗುಡಿಸಲು ಕಟ್ಟಿಕೊಳ್ಳುವುದೇಕೆ?

ಈಜಿಪ್ಟಿನ ದಾಸ್ಯದಿಂದ ಬಿಡಿಸಿಕೊಂಡು ಬಂದ ಇಸ್ರಾಯೇಲ್ಯರನ್ನು ದೇವರು ಮರುಭೂಮಿಯಲ್ಲಿ ಪರ್ಣಶಾಲೆಗಳಲ್ಲಿ ಇರಿಸಿದನೆಂಬುದನ್ನು ಮುಂದಿನ ತಲೆಮಾರುಗಳು ಮರೆಯಬಾರದು. ಯಹೂದಿಗಳ ಧರ್ಮಗ್ರಂಥ ತೋರಾದ ಯಾಜಕಕಾಂಡದ 23ನೇ ಅಧ್ಯಾಯ ಏಳು ದಿನಗಳ ಈ ವಾಸವನ್ನು ವಿಧಿಸಿರುವುದು ಅದಕ್ಕಾಗಿ. ಮರುಭೂಮಿಯಲ್ಲಿದ್ದವು ನಿಜವಾದ ಗುಡಿಸಲುಗಳೋ, ದೇವರು ಕವಿಸಿದ ಮಹಿಮೆಯ ಮೇಘಗಳೋ ಎಂದು ಯಹೂದಿ ಧರ್ಮಶಾಸ್ತ್ರ ಚರ್ಚೆಗಳ ಸಂಗ್ರಹವಾದ ತಾಲ್ಮುದ್‌ನಲ್ಲಿ ರಬ್ಬಿಗಳು, ಅಂದರೆ ಧರ್ಮಗುರುಗಳು, ವಾದಿಸಿದ್ದಾರೆ.

ನನಗೆ ಬಹಳ ಅರ್ಥಪೂರ್ಣವೆನಿಸುವುದು ಹಬ್ಬ ಬರುವ ಕಾಲ. ಸುಗ್ಗಿ ಮುಗಿದು ಕಣಜ ತುಂಬಿ, ಎಲ್ಲವೂ ನನ್ನ ದುಡಿಮೆಯೇ ಎಂಬ ಗರ್ವ ತಲೆಗೇರುವ ಹೊತ್ತಿಗೇ ಗಟ್ಟಿ ಮನೆ ಬಿಟ್ಟು ಸುಕ್ಕಾದಲ್ಲಿ, ಅಂದರೆ ಹಬ್ಬದ ಈ ಗುಡಿಸಲಿನಲ್ಲಿ, ಉಣ್ಣಬೇಕು. ಅದರ ಚಾವಣಿಗೆ ಕಡಿದ ಕೊಂಬೆ, ಗರಿ, ಜೊಂಡಿನಂಥವೇ ಆಗಬೇಕು. ಒಳಗೆ ಬಿಸಿಲಿಗಿಂತ ನೆರಳು ಹೆಚ್ಚಿರಬೇಕು. ಆದರೂ ಸಂದುಗಳಲ್ಲಿ ನಕ್ಷತ್ರ ಕಾಣುವಷ್ಟು ತೆಳುವಾಗಿ ಹೊದಿಸುವುದು ವಾಡಿಕೆ. ಮಳೆ ಸುರಿದು ಊಟ ಕೆಡುವಂತಾದರೆ ಮನೆಯೊಳಗೆ ಹೋಗಬಹುದು. ಇದು ದೇಹದಂಡನೆಯ ವ್ರತವಲ್ಲ, ಪ್ರಾರ್ಥನೆಯಲ್ಲಿ ಈ ಹಬ್ಬವನ್ನು ಕರೆಯುವುದೇ ‘ನಮ್ಮ ಹರ್ಷದ ಕಾಲ’ ಎಂದು.